ಬೆಳಗ್ಗೆ 8:30ಕ್ಕೆ ಸಾಯುವ ಪ್ರೋಗ್ರಾಮ್: ಮೆಮೊರಿ ದೋಷ ಹಿಡಿಯಲು ಬಿಲ್ಡ್ ಹೇಗೆ ಹೊಂದಿಸಬೇಕು?

ಮಳೆಮಾಪಕ
ಮಡಿಕೇರಿಯಲ್ಲಿದ್ದುಕೊಂಡು ಕಾಫಿ ತೋಟಗಳ ಮಳೆ ಲೆಕ್ಕ ಇಡುವ ಒಂದು ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದೇನೆ. ತೋಟದ ಮಾಪಕ ಲೋರಾ (ದೂರ ತಲುಪುವ, ಕಡಿಮೆ ಶಕ್ತಿಯ ರೇಡಿಯೋ) ಮೂಲಕ ಸಂದೇಶ ಕಳುಹಿಸುತ್ತದೆ. ಶೆಡ್ಡಿನಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ (1 ಜಿಬಿ ಮೆಮೊರಿ) ಅದನ್ನು ಹಿಡಿದು, ಮಿಲಿಮೀಟರನ್ನು ಇಂಚು–ಸೆಂಟಿಗೆ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಬದಲಿಸಿ, ಮಾಲೀಕರ ಮೊಬೈಲಿಗೆ ದಾಟಿಸುತ್ತದೆ. ಹೆಸರಿಗೆ ಸಿ ಪ್ಲಸ್ ಪ್ಲಸ್, ಒಳಗೆಲ್ಲ ಹಳೆಯ ಸಿ. ನನಗಿಂತ ಮೊದಲು ಯಾರೋ ಬರೆದಿಟ್ಟು ಹೋದ ಕೋಡ್.

ಜನವರಿಯಿಂದ ಚೆನ್ನಾಗಿಯೇ ನಡೆಯುತ್ತಿತ್ತು. ಜುಲೈ ಮಧ್ಯದಿಂದ ಭಾಗಮಂಡಲದ ಕಡೆಯ ಪೈನಲ್ಲಿ ಮಾತ್ರ ಪ್ರೋಗ್ರಾಮ್ ಸಾಯುತ್ತಿದೆ, ಅದೂ ಬಹುತೇಕ ದಿನ ಬೆಳಗ್ಗೆ 8:30ಕ್ಕೆ. ಲಾಗ್‌ನಲ್ಲಿ ಉಳಿಯುವುದು ಒಂದೇ ಸಾಲು: «ಫ್ರೀ: ಇನ್‌ವ್ಯಾಲಿಡ್ ಪಾಯಿಂಟರ್». ಅಂದರೆ ಮೆಮೊರಿ ಹಿಂದಿರುಗಿಸುವ ಫ್ರೀ ಕರೆಗೆ ಕೊಟ್ಟ ಪಾಯಿಂಟರ್ (ಮೆಮೊರಿ ವಿಳಾಸ) ತಪ್ಪು. ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ಮತ್ತೆ ಎಬ್ಬಿಸುತ್ತದೆ, ಆದರೆ ಆ ದಿನದ ಲೆಕ್ಕ ಹೋಗಿರುತ್ತದೆ. ಕುಶಾಲನಗರದ ಪೈನಲ್ಲಿ ಇದೇ ಪ್ರೋಗ್ರಾಮ್, ಇದೇ ಆವೃತ್ತಿ. ಅಲ್ಲಿ ಯಾವ ತೊಂದರೆಯೂ ಇಲ್ಲ.

ಮೆಮೊರಿ ದೋಷ ಹುಡುಕುವ ವ್ಯಾಲ್‌ಗ್ರಿಂಡ್ ಹಾಕಿ ನೋಡಿದೆ. ಪೈ ಎಷ್ಟು ನಿಧಾನವಾಯಿತೆಂದರೆ ಲೋರಾ ಸಂದೇಶಗಳೇ ತಪ್ಪಿಹೋದವು. ಮೆಮೊರಿ ದೋಷ ಹುಡುಕಲು ಕಂಪೈಲ್ ಮಾಡುವಾಗಲೇ ಏನಾದರೂ ಹೊಂದಿಸಬಹುದು ಎಂದು ಓದಿದ್ದೇನೆ. ಯಾವುದನ್ನು, ಹೇಗೆ?

ಕಿತ್ತಳೆಸಿಪ್ಪೆ
ಭಾಗಮಂಡಲ, ಜುಲೈ, ಶೆಡ್ಡು. ಎಸ್‌ಡಿ ಕಾರ್ಡಿಗೆ ಬೂಷ್ಟು ಹಿಡಿದಿರುತ್ತದೆ. ಕೋಡ್ ಬಿಟ್ಟು ಡಬ್ಬಿಯನ್ನು ತೆರೆದು ನೋಡಿ.

ಬಿಟ್ಟಂಗಾಲ
ಅಥವಾ ಕರೆಂಟು. ಬೆಳಗ್ಗೆ ಎಲ್ಲರೂ ಒಟ್ಟಿಗೆ ಗೀಸರ್ ಹಾಕುವ ಹೊತ್ತಿಗೆ ವೋಲ್ಟೇಜ್ ಬೀಳುತ್ತದೆ. ಪೈಗೆ 5 ವೋಲ್ಟ್ ಸರಿಯಾಗಿ ಸಿಗದಿದ್ದರೆ ಏನು ಬೇಕಾದರೂ ಆಗಬಹುದು.

ಹಳೆಯ_ಸಿ_ಕೈ
ವೋಲ್ಟೇಜ್ ಬಿದ್ದರೆ ಪೈ ಇಡಿಯಾಗಿ ಬೀಳುತ್ತದೆ, ಒಂದೇ ಪ್ರೋಗ್ರಾಮ್ ಗಡಿಯಾರ ನೋಡಿಕೊಂಡು ಬೀಳುವುದಿಲ್ಲ. 8:30 ಎಂದರೆ ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವ ಹೊತ್ತು. ನಿಮ್ಮ ಪ್ರೋಗ್ರಾಮ್ ಆಗ ಏನನ್ನೋ ಮುಚ್ಚಿ ಹೊಸದನ್ನು ತೆರೆಯುತ್ತಿರಬೇಕು. ಅಲ್ಲಿ ಫ್ರೀ ಇದೆ. ಆದರೆ ಕೆಟ್ಟದ್ದು ಅಲ್ಲಿಯೇ ಎಂದು ನಂಬಬೇಡಿ. ಪಾಯಿಂಟರ್ ಕೆಟ್ಟದ್ದು ಯಾವಾಗಲೋ, ಗೊತ್ತಾದದ್ದು 8:30ಕ್ಕೆ.

ಬಿಲ್ಡ್ ವಿಷಯಕ್ಕೆ ಬರುತ್ತೇನೆ. ಅಡ್ರೆಸ್ ಸ್ಯಾನಿಟೈಜರ್ ಬಳಸಿ, ಪ್ರೋಗ್ರಾಮ್ ಓಡುವಾಗ ತಪ್ಪು ಮೆಮೊರಿ ಮುಟ್ಟಿದರೆ ವರದಿ ಮಾಡುವ ಪರೀಕ್ಷೆಗಳನ್ನು ಅದು ಕಂಪೈಲ್ ಹೊತ್ತಿಗೇ ಸೇರಿಸುತ್ತದೆ. ಗೂಗಲ್‌ನವರು 2012ರಲ್ಲಿ ಪ್ರಬಂಧ ಮಂಡಿಸಿದ್ದು. ಕಂಪೈಲರ್‌ಗಳಲ್ಲಿ ಕ್ಲ್ಯಾಂಗ್‌ನಲ್ಲಿಯೂ ಇದೆ, ಜಿಸಿಸಿಯಲ್ಲಿ 4.8ರಿಂದ ಇದೆ. ಸಾಮಾನ್ಯವಾಗಿ ಸುಮಾರು ಎರಡು ಪಟ್ಟು ನಿಧಾನ, ಅಷ್ಟೇ. ವ್ಯಾಲ್‌ಗ್ರಿಂಡ್‌ನ ಮೆಮ್‌ಚೆಕ್ ಇಪ್ಪತ್ತು ಮೂವತ್ತು ಪಟ್ಟು ನಿಧಾನ ಮಾಡುತ್ತದೆ, ನಿಮ್ಮ ಪೈ ಬಳಲಿದ್ದು ಅದಕ್ಕೇ. ಬೇರೆ ಬಿಲ್ಡ್ ಫೋಲ್ಡರ್ ಮಾಡಿಕೊಂಡು ಅಲ್ಲಿ ಈ ಫ್ಲ್ಯಾಗುಗಳನ್ನು ಕೊಡಿ:

-ಜಿ -ಒ1 -ಎಫ್‌ನೋ-ಒಮಿಟ್-ಫ್ರೇಮ್-ಪಾಯಿಂಟರ್ -ಎಫ್‌ಸ್ಯಾನಿಟೈಜ್=ಅಡ್ರೆಸ್

-ಜಿ ಇಲ್ಲದಿದ್ದರೆ ವರದಿಯಲ್ಲಿ ಸಾಲಿನ ಸಂಖ್ಯೆ ಬರುವುದಿಲ್ಲ. ಫ್ರೇಮ್ ಪಾಯಿಂಟರ್ ಇಲ್ಲದಿದ್ದರೆ ಕರೆಗಳ ಸರಣಿ ಅರ್ಧಕ್ಕೇ ಕಡಿಯುತ್ತದೆ.

ಮಳೆಮಾಪಕ
ಕೊಟ್ಟೆ. ಕಂಪೈಲ್ ಆಯಿತು, ತುಣುಕುಗಳನ್ನು ಜೋಡಿಸುವ ಲಿಂಕ್ ಆಗಲಿಲ್ಲ. «ಅನ್‌ಡಿಫೈನ್ಡ್ ರೆಫರೆನ್ಸ್ ಟು __ಏಸ್ಯಾನ್_ಇನಿಟ್» ಎಂದು ಪುಟಗಟ್ಟಲೆ ಬೈಗುಳ.

ಗೋಣಿಕೊಪ್ಪದವಳು
ಲಿಂಕ್ ಹಂತಕ್ಕೂ ಅದೇ -ಎಫ್‌ಸ್ಯಾನಿಟೈಜ್ ಕೊಡಬೇಕು. ಬಿಲ್ಡ್ ನಡೆಸುವುದು ಸಿಮೇಕ್ ಆದರೆ ಕಂಪೈಲ್ ಆಯ್ಕೆಗೂ ಲಿಂಕ್ ಆಯ್ಕೆಗೂ ಎರಡೂ ಕಡೆ. ಹಾಗೆಯೇ -ಸ್ಟ್ಯಾಟಿಕ್ ಎಂದು ಎಲ್ಲಾದರೂ ಇದ್ದರೆ ತೆಗೆಯಿರಿ, ಲೈಬ್ರರಿಗಳನ್ನೆಲ್ಲ ಪ್ರೋಗ್ರಾಮಿನೊಳಗೇ ಸೇರಿಸುವ ಪೂರ್ತಿ ಸ್ಟ್ಯಾಟಿಕ್ ಲಿಂಕ್ ಜೊತೆ ಇದು ಕೂಡುವುದಿಲ್ಲ.

ಇನ್ನೊಂದು ಮಾತು: ನಿಮ್ಮ ಸಿಸ್ಟಮ್‌ಡಿ ಫೈಲಿನಲ್ಲಿ ಲಿಮಿಟ್‌ಎಎಸ್ (ವಿಳಾಸಗಳ ವಿಸ್ತಾರಕ್ಕೆ ಮಿತಿ) ಎಂಬ ಸಾಲು ಇದೆಯೇ ನೋಡಿ. ಇದ್ದರೆ ಪ್ರೋಗ್ರಾಮ್ ಶುರುವಾಗುವ ಮೊದಲೇ ಸಾಯುತ್ತದೆ, ನೀವು ಬೇರೆಲ್ಲೋ ತಪ್ಪು ಹುಡುಕುತ್ತಾ ಕೂರುತ್ತೀರಿ.

ಪೊನ್ನಂಪೇಟೆ_ವಿದ್ಯಾರ್ಥಿ
ಇದನ್ನು ಓದಿ ನಾನೂ ಲ್ಯಾಪ್‌ಟಾಪ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮಿಗೆ ಹಾಕಿ ನೋಡಿದೆ. ಟಾಪ್ ಆದೇಶದಲ್ಲಿ ಮೆಮೊರಿ 20 ಟೆರಾಬೈಟ್ ಎಂದು ತೋರಿಸುತ್ತಿದೆ! ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದೇ 8 ಜಿಬಿ. ಗಾಬರಿಯಾಗಿ ಆರಿಸಿಬಿಟ್ಟೆ.

ಹಳೆಯ_ಸಿ_ಕೈ
ಆರಿಸಬೇಡಪ್ಪಾ. ಅದು ಕಾದಿರಿಸಿದ ವಿಳಾಸಗಳ ಲೆಕ್ಕ, ನಿಜವಾದ ಮೆಮೊರಿ ಅಲ್ಲ. ಪ್ರೋಗ್ರಾಮಿನ ಪ್ರತಿ 8 ಬೈಟಿಗೆ 1 ಬೈಟ್ ನೆರಳು ಇಟ್ಟುಕೊಂಡು, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಬರೆದಿಡುತ್ತದೆ. 64 ಬಿಟ್ ಯಂತ್ರದಲ್ಲಿ ವಿಳಾಸಗಳ ವಿಸ್ತಾರವೇ ಅಷ್ಟು ದೊಡ್ಡದು. ಪಕ್ಕದ ಆರ್‌ಇಎಸ್ ಕಾಲಮ್ ನೋಡು, ಅಲ್ಲಿ ಸತ್ಯ ಇದೆ. ಗೋಣಿಕೊಪ್ಪದವರು ಹೇಳಿದ ಲಿಮಿಟ್‌ಎಎಸ್ ತೊಂದರೆ ಕೊಡುವುದೂ ಇದೇ ಕಾರಣಕ್ಕೆ.

ರೊಬಸ್ಟಾ
ನಾನು ತೋಟದವನು, ಇದೆಲ್ಲ ಅರ್ಥವಾಗುವುದಿಲ್ಲ. ಬಹುಶಃ ನಿಮ್ಮ ಮಾಪಕವನ್ನೇ ನಾವೂ ಹಾಕಿಸಿಕೊಂಡಿದ್ದೇವೆ. ಜುಲೈ ನಡುವಿನಿಂದ ಬರುವ ಸಂದೇಶದಲ್ಲಿ ತೋಟದ ಹೆಸರಿನ ಜಾಗದಲ್ಲಿ ಏನೇನೋ ಅಕ್ಷರ ಬರುತ್ತಿದೆ. ಮಳೆ ಲೆಕ್ಕ ಸರಿ ಇದೆ, ನಮ್ಮ ಅಳತೆಗೂ ತಾಳೆಯಾಗುತ್ತದೆ. ಹೆಸರು ಮಾತ್ರ ಸರಿ ಮಾಡಿಕೊಡಿ.

ಬೆಂಗಳೂರಿನಿಂದ_ವಿರಾಜಪೇಟೆ
ಇಷ್ಟೆಲ್ಲ ಯಾಕೆ? ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯಿರಿ. ಈ ಜಾತಿಯ ದೋಷಗಳೇ ಇರುವುದಿಲ್ಲ. 2024ರಲ್ಲೂ 2025ರಲ್ಲೂ ಮೆಮೊರಿ ಪಡೆಯಲು ಮ್ಯಾಲಾಕ್, ಹಿಂದಿರುಗಿಸಲು ಫ್ರೀ ಎಂದು ಒದ್ದಾಡುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ.

ಹಳೆಯ_ಸಿ_ಕೈ
ನೀವು ಬರೆದು ಕೊಡುತ್ತೀರಾ? ಮಳೆಗಾಲ ಮುಗಿಯುವುದರೊಳಗೆ? ಅವರ ಲೋರಾ ಚಿಪ್‌ನ ಡ್ರೈವರ್ ಸಿಯಲ್ಲಿ ಇದ್ದರೆ ಅನ್‌ಸೇಫ್ (ರಸ್ಟ್‌ನ ಕಾವಲಿಲ್ಲದ ಕೋಡ್) ಎಂದು ಬರೆದು ಅದನ್ನೇ ಕರೆಯಬೇಕು. ಸುಡುವ ಮನೆಯ ಮುಂದೆ ನಿಂತು ಹೊಸ ಮನೆಯ ನಕ್ಷೆ ತೋರಿಸಬಾರದು.

ಬೆಂಗಳೂರಿನಿಂದ_ವಿರಾಜಪೇಟೆ
ಪ್ರತಿ ಸಲ ಇದೇ ಮಾತು. ಹೀಗಾಗಿಯೇ ಮನೆ ಪ್ರತಿ ವರ್ಷ ಸುಡುತ್ತದೆ.

ಗೋಣಿಕೊಪ್ಪದವಳು
ಇಬ್ಬರೂ ಬೇರೆ ಕಡೆ ಜಗಳ ಮುಂದುವರಿಸಿ. ಮಳೆಮಾಪಕರೇ, ಪೈನಲ್ಲಿ 1 ಜಿಬಿ ಮಾತ್ರ ಇರುವುದರಿಂದ ಒಂದು ಸೂಚನೆ. ಫ್ರೀ ಮಾಡಿದ ಜಾಗವನ್ನು ಸ್ಯಾನಿಟೈಜರ್ ತಕ್ಷಣ ಮರುಬಳಕೆಗೆ ಕೊಡುವುದಿಲ್ಲ, ಕ್ವಾರಂಟೈನ್‌ನಲ್ಲಿ ಇಡುತ್ತದೆ. ಡೀಫಾಲ್ಟ್ 256 ಎಂಬಿ. ಪೈಗೆ ಅದು ದೊಡ್ಡ ಹೊರೆ. ಏಸ್ಯಾನ್_ಆಪ್ಷನ್ಸ್ ಎಂಬ ಪರಿಸರ ಚರದಲ್ಲಿ ಕ್ವಾರಂಟೈನ್_ಸೈಜ್_ಎಂಬಿ=16 ಎಂದು ಕೊಡಿ. ಕಡಿಮೆ ಮಾಡಿದಷ್ಟೂ ಫ್ರೀ ಆದಮೇಲೆ ಬಳಸುವ ದೋಷ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಮೆಮೊರಿ ಸಾಲದೆ ಕರ್ನಲ್ಲೇ ಕೊಂದುಹಾಕುವುದಕ್ಕಿಂತ ಅದು ವಾಸಿ. ಲಾಗ್_ಪಾತ್ ಸಹ ಕೊಟ್ಟರೆ ವರದಿ ಫೈಲಿಗೆ ಹೋಗುತ್ತದೆ.

ಇದಕ್ಕಿಂತ ಒಳ್ಳೆಯದೆಂದರೆ ಪೈ ಬಿಟ್ಟು ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದು. ಬಂದ ಸಂದೇಶಗಳನ್ನು ಉಳಿಸಿ ಇಟ್ಟಿದ್ದೀರಾ?

ಮಳೆಮಾಪಕ
ಉಳಿಸಿದ್ದೇವೆ. ಲಿಂಕ್ ಸರಿಹೋಯಿತು, ಧನ್ಯವಾದ. ಉಳಿಸಿದ್ದ ಲಾಗನ್ನು ಲ್ಯಾಪ್‌ಟಾಪ್‌ನಲ್ಲಿ (ಉಬುಂಟು) ಸ್ಯಾನಿಟೈಜರ್ ಬಿಲ್ಡ್‌ಗೆ ಉಣಿಸಿದೆ. ಆದಿಯಿಂದ ಅಂತ್ಯದವರೆಗೆ ಒಂದು ದೂರೂ ಇಲ್ಲ. ಈಗ ಎಸ್‌ಡಿ ಕಾರ್ಡಿನ ಮೇಲೆ ನನಗೂ ಅನುಮಾನ ಬರುತ್ತಿದೆ.

ಕಿತ್ತಳೆಸಿಪ್ಪೆ
ಹೇಳಿರಲಿಲ್ಲವೇ.

ಹಳೆಯ_ಸಿ_ಕೈ
ಯಾವ ಲಾಗ್?

ಮಳೆಮಾಪಕ
ಪರೀಕ್ಷೆಗೆಂದು ಇಟ್ಟಿರುವುದು. ಫೆಬ್ರುವರಿ, ಮಾರ್ಚಿನದು.

ಹಳೆಯ_ಸಿ_ಕೈ
ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ಲಾಗ್ ಹಾಕಿ ಜುಲೈನ ದೋಷ ಹುಡುಕಿದರೆ ಸಿಗುತ್ತದೆಯೇ? ಸ್ಯಾನಿಟೈಜರ್ ಕೋಡನ್ನು ಓದಿ ತಪ್ಪು ಹೇಳುವ ಜ್ಯೋತಿಷಿ ಅಲ್ಲ. ಆ ಸಾಲು ನಿಜವಾಗಿ ಓಡಿ, ನಿಜವಾಗಿ ಗಡಿ ದಾಟಿದರೆ ಮಾತ್ರ ಕೂಗುತ್ತದೆ. ಭಾಗಮಂಡಲದ ಜುಲೈ ಲಾಗ್ ತನ್ನಿ.

ರೊಬಸ್ಟಾ
ಹೂಮಳೆ ಎಂದಾಗ ನೆನಪಾಯಿತು, ಈ ವರ್ಷ ನಮ್ಮ ಕಡೆ ಬ್ಯಾಕಿಂಗ್ (ಹೂಮಳೆಯ ನಂತರದ ಮಳೆ) ಸರಿಯಾಗಿ ಬರಲಿಲ್ಲ. ಸ್ಪ್ರಿಂಕ್ಲರ್ ಇದ್ದವರು ಬಚಾವ್. ಸಿದ್ದಾಪುರದ ಕಡೆ ಹೇಗೆ?

ಕಿತ್ತಳೆಸಿಪ್ಪೆ
ಸಿದ್ದಾಪುರದಲ್ಲಿ ಆನೆ ಬಂದಷ್ಟು ಸಲ ಮಳೆ ಬಂದಿದ್ದರೆ ಸಾಕಿತ್ತು.

ಮಳೆಮಾಪಕ
ಜುಲೈ ಲಾಗ್ ಹಾಕಿದೆ. ಸಿಕ್ಕಿತು! ಅಥವಾ ಸಿಕ್ಕಿತು ಅಂದುಕೊಂಡೆ. ವರದಿ ಹೇಳುವುದು: ಮ್ಯಾಲಾಕ್ ಕೊಡದೇ ಇದ್ದ ವಿಳಾಸವನ್ನು ಫ್ರೀ ಮಾಡಲು ಯತ್ನ. ಸಾಲು ತೋರಿಸುತ್ತಿದೆ. ದಿನದ ದಾಖಲೆ ಮುಚ್ಚುವಾಗ ತೋಟದ ಹೆಸರನ್ನು ಫ್ರೀ ಮಾಡುವ ಸಾಲು. ಆದರೆ ಆ ಹೆಸರನ್ನು ಮ್ಯಾಲಾಕ್‌ನಿಂದಲೇ ತಂದದ್ದು, ನಡುವೆ ಅದನ್ನು ಯಾರೂ ಮುಟ್ಟುವುದಿಲ್ಲ. ಕೋಡ್ ಪೂರ್ತಿ ಹುಡುಕಿದೆ. ಹೀಪ್ (ಮ್ಯಾಲಾಕ್ ಕೊಡುವ ಮೆಮೊರಿ) ಗಡಿ ದಾಟಿದ ವರದಿ ಒಂದೂ ಇಲ್ಲ.

ಗೋಣಿಕೊಪ್ಪದವಳು
ರೊಬಸ್ಟಾ ಅವರು ಮೇಲೆ ಹೇಳಿದ್ದನ್ನು ಯಾರಾದರೂ ಓದಿದಿರಾ? ಮಳೆ ಲೆಕ್ಕ ಸರಿ, ತೋಟದ ಹೆಸರು ಮಾತ್ರ ಏನೇನೋ. ಅಂದರೆ ಹೆಸರಿನ ಪಾಯಿಂಟರ್ 8:30ಕ್ಕೆ ಬಹಳ ಮೊದಲೇ ಕೆಟ್ಟಿದೆ. ಆ ಪಾಯಿಂಟರ್ ಇರುವ ಸ್ಟ್ರಕ್ಟ್‌ನಲ್ಲಿ (ಹಲವು ಸದಸ್ಯಗಳನ್ನು ಸಾಲಾಗಿ ಇಡುವ ದಾಖಲೆಯಲ್ಲಿ) ಅದರ ಹಿಂದೆ ಏನಿದೆ?

ಮಳೆಮಾಪಕ
ಮೊದಲು ಎರಡು ಬೈಟಿನ ಮಾಪಕ ಸಂಖ್ಯೆ. ಆಮೇಲೆ ಆರು ಬೈಟಿನ ಕ್ಯಾರ್ ಅರೇ (ಅಕ್ಷರಗಳ ಸಾಲು): ವರ್ಷದ ಒಟ್ಟು ಮಳೆ, ಇಂಚು ಚುಕ್ಕೆ ಸೆಂಟ್ ರೂಪದಲ್ಲಿ. ಆಮೇಲೆ ಹೆಸರಿನ ಪಾಯಿಂಟರ್. ಒಟ್ಟು ಮಳೆಯನ್ನು ಎಸ್‌ಪ್ರಿಂಟ್‌ಎಫ್ (ಜಾಗದ ಗಾತ್ರ ನೋಡದೆ ಪಠ್ಯ ಬರೆಯುವ ಸಿ ಕರೆ) ಬರೆಯುತ್ತದೆ.

ಗೋಣಿಕೊಪ್ಪದವಳು
99.99 ಎಂದರೆ ಐದು ಅಕ್ಷರ, ಕೊನೆಯ ಸೊನ್ನೆ ಬೈಟ್ ಸೇರಿ ಆರು. ಹಿಡಿಸುತ್ತದೆ. 100.05 ಎಂದರೆ?

ಪೊನ್ನಂಪೇಟೆ_ವಿದ್ಯಾರ್ಥಿ
ಏಳು!

ಬಿಟ್ಟಂಗಾಲ
ಭಾಗಮಂಡಲದಲ್ಲಿ ಜುಲೈ ಮಧ್ಯಕ್ಕೆ ನೂರು ಇಂಚು ದಾಟಿದೆ. ಕುಶಾಲನಗರದಲ್ಲಿ ವರ್ಷವಿಡೀ ಸುರಿದರೂ ನೂರು ಆಗುವುದಿಲ್ಲ. ಗೀಸರ್ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ.

ಹಳೆಯ_ಸಿ_ಕೈ
ಅಮ್ಮಾ ಗೋಣಿಕೊಪ್ಪ, ಶಹಬ್ಬಾಸ್.

ಹೇಗೆ ಎಂದು ವಿದ್ಯಾರ್ಥಿಗೆ ಬಿಡಿಸಿ ಹೇಳುತ್ತೇನೆ. ಎರಡು ಮತ್ತು ಆರು ಸೇರಿ ಎಂಟು, ಆದ್ದರಿಂದ ಅರೇ ಮುಗಿದ ಮರುಬೈಟಿನಲ್ಲೇ ಪಾಯಿಂಟರ್ ಶುರು, ನಡುವೆ ಖಾಲಿ ಜಾಗವಿಲ್ಲ. ಏಳನೆಯ ಬೈಟ್, ಅಂದರೆ ಕೊನೆಯ ಸೊನ್ನೆ, ಪಾಯಿಂಟರಿನ ಮೊದಲ ಬೈಟಿನ ಮೇಲೆ ಕೂರುತ್ತದೆ. ಪೈ ಆಗಲಿ, ಲ್ಯಾಪ್‌ಟಾಪ್ ಆಗಲಿ, ಕಿರಿಯ ಬೈಟ್ ಮೊದಲು ಬರುವ ಯಂತ್ರಗಳು. ಹಾಗಾಗಿ ವಿಳಾಸದ ಕೊನೆಯ ಎರಡು ಹೆಕ್ಸ್ ಅಂಕೆ ಸೊನ್ನೆಯಾಗಿ, ಪಾಯಿಂಟರ್ ಸ್ವಲ್ಪ ಹಿಂದಿನ ಯಾವುದೋ ಜಾಗವನ್ನು ತೋರಿಸುತ್ತದೆ. ಅಲ್ಲಿದ್ದ ಕಸವೇ ರೊಬಸ್ಟಾ ಅವರ ತೋಟದ ಹೆಸರು. ಕೊನೆಯ ಬೈಟ್ ಮೊದಲೇ ಸೊನ್ನೆಯಾಗಿದ್ದ ದಿನ ಏನೂ ಆಗುವುದಿಲ್ಲ. «ಬಹುತೇಕ ದಿನ» ಎಂದು ಮಳೆಮಾಪಕರು ಹೇಳಿದ್ದು ಅದಕ್ಕೇ ಇರಬೇಕು.

ಪೊನ್ನಂಪೇಟೆ_ವಿದ್ಯಾರ್ಥಿ
ಸರ್, ಹಾಗಾದರೆ ಅಡ್ರೆಸ್ ಸ್ಯಾನಿಟೈಜರ್ ಆ ಏಳನೆಯ ಬೈಟನ್ನು ಯಾಕೆ ಹಿಡಿಯಲಿಲ್ಲ? ಅದರ ಕೆಲಸವೇ ಅದಲ್ಲವೇ?

ಹಳೆಯ_ಸಿ_ಕೈ
ಒಳ್ಳೆಯ ಪ್ರಶ್ನೆ. ಮ್ಯಾಲಾಕ್ ಕೊಟ್ಟ ಪ್ರತಿ ತುಂಡಿನ ಸುತ್ತ ಅದು ಮುಟ್ಟಬಾರದ ಪಟ್ಟಿಯೊಂದನ್ನು ಇಡುತ್ತದೆ, ನಮ್ಮ ತೋಟದ ಸುತ್ತ ತೋಡಿದ ಆನೆ ಕಂದಕದ ಹಾಗೆ. ಹೊರಗೆ ಹೆಜ್ಜೆ ಇಟ್ಟರೆ ಬೀಳುತ್ತೀರಿ. ತೋಟದೊಳಗೇ ಅರೇಬಿಕಾ ತಾಕಿನಿಂದ ರೊಬಸ್ಟಾ ತಾಕಿಗೆ ನಡೆದರೆ ಕಂದಕಕ್ಕೆ ಏನು ಗೊತ್ತು? ಸ್ಟ್ರಕ್ಟ್ ಇಡೀ ಒಂದೇ ತುಂಡು. ಅದರೊಳಗೆ ಒಂದು ಸದಸ್ಯದಿಂದ ಇನ್ನೊಂದಕ್ಕೆ ಹರಿದರೆ ಸ್ಯಾನಿಟೈಜರ್ ಸುಮ್ಮನಿರುತ್ತದೆ. ಮೆಮ್‌ಚೆಕ್ ಕೂಡ ಅಷ್ಟೇ, ಅದಕ್ಕೂ ಇದು ಕಾಣುವುದಿಲ್ಲ.

ಗೋಣಿಕೊಪ್ಪದವಳು
ಈ ಜಾತಿಯ ದೋಷಕ್ಕೆ ಬೇರೆ ಆಯ್ಕೆ ಇದೆ, ಅದೂ ಬಹುತೇಕ ಪುಕ್ಕಟೆ: -ಡಿ_ಫೋರ್ಟಿಫೈ_ಸೋರ್ಸ್=2. ಎಸ್‌ಪ್ರಿಂಟ್‌ಎಫ್, ಸ್ಟ್ರ್‌ಕಾಪಿ ಮುಂತಾದವುಗಳ ಜಾಗದಲ್ಲಿ ಗಾತ್ರ ಪರೀಕ್ಷಿಸುವ ರೂಪಗಳನ್ನು ಇಡುತ್ತದೆ. 1 ಎಂದು ಕೊಟ್ಟರೆ ಇಡೀ ವಸ್ತುವಿನ ಗಾತ್ರ ನೋಡುತ್ತದೆ, ಆಗ ಇದು ತಪ್ಪಿಸಿಕೊಳ್ಳುತ್ತದೆ. 2 ಕೊಟ್ಟರೆ ಆ ಸದಸ್ಯದ ಗಾತ್ರವನ್ನೇ, ಅಂದರೆ ಆರನ್ನೇ ಹಿಡಿಯುತ್ತದೆ. ಏಳನೆಯ ಬೈಟ್ ಬರೆಯಲು ಹೋದ ಕ್ಷಣವೇ «ಬಫರ್ ಓವರ್‌ಫ್ಲೋ ಡಿಟೆಕ್ಟೆಡ್» ಎಂದು ನಿಲ್ಲಿಸುತ್ತದೆ.

ಎರಡು ಎಚ್ಚರಿಕೆ. ಒಂದು, ಆಪ್ಟಿಮೈಸೇಶನ್ (ಕಂಪೈಲರ್ ಕೋಡನ್ನು ಚುರುಕುಗೊಳಿಸುವ -ಒ1, -ಒ2) ಇರಬೇಕು. -ಒ0 ಡೀಬಗ್ ಬಿಲ್ಡ್‌ನಲ್ಲಿ ಇದು ಕೆಲಸ ಮಾಡುವುದೇ ಇಲ್ಲ. ಎಷ್ಟೋ ಜನ ಡೀಬಗ್ ಬಿಲ್ಡ್ ಎಂದರೆ ಎಲ್ಲ ಪರೀಕ್ಷೆಗಳೂ ಇರುವ ಬಿಲ್ಡ್ ಎಂದುಕೊಂಡಿದ್ದಾರೆ, ಇಲ್ಲಿ ತದ್ವಿರುದ್ಧ. ಎರಡು, ಅಡ್ರೆಸ್ ಸ್ಯಾನಿಟೈಜರ್ ಜೊತೆ ಒಂದೇ ಬಿಲ್ಡ್‌ನಲ್ಲಿ ಸೇರಿಸಬೇಡಿ. ಸ್ಯಾನಿಟೈಜರ್ ಕಾಯುವುದು ಮೂಲ ಎಸ್‌ಪ್ರಿಂಟ್‌ಎಫ್ ಅನ್ನು. ಫೋರ್ಟಿಫೈ ಬೇರೆ ಹೆಸರಿನದನ್ನು ಕರೆದರೆ ಕೆಲವು ದೋಷ ಅದರ ಕಣ್ಣಿಗೆ ಬೀಳುವುದಿಲ್ಲ. ಸ್ಯಾನಿಟೈಜರ್ ಬಿಲ್ಡ್‌ಗೆ -ಯು_ಫೋರ್ಟಿಫೈ_ಸೋರ್ಸ್ ಕೊಟ್ಟು, ಇದಕ್ಕೆ ಇನ್ನೊಂದು ಫೋಲ್ಡರ್ ಇಡಿ.

ಮಳೆಮಾಪಕ
ಹಾಗೆಯೇ ಮಾಡಿದೆ. -ಒ2 -ಜಿ ಜೊತೆ ಫೋರ್ಟಿಫೈ 2, ಜುಲೈ ಲಾಗ್. ಒಟ್ಟು ಮಳೆ ನೂರು ದಾಟಿದ ಸಂದೇಶದ ಮೇಲೆ ನಿಂತಿತು. ಸತ್ತ ಕ್ಷಣದ ಮೆಮೊರಿ ಉಳಿದಿರುವ ಕೋರ್ ಫೈಲನ್ನು ಜಿಡಿಬಿ ಡೀಬಗರಿನಲ್ಲಿ ತೆರೆದರೆ ನೇರವಾಗಿ ಆ ಎಸ್‌ಪ್ರಿಂಟ್‌ಎಫ್ ಸಾಲು. ಕುತೂಹಲಕ್ಕೆ ಫ್ಲ್ಯಾಗ್ ತೆಗೆದು ಬರೀ -ಒ2 ಹಾಕಿ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದೆ. ಆಗಲೂ ನಿಂತಿತು! ಪೈನಲ್ಲಿ ಅದೇ -ಒ2 ಇದ್ದರೂ ಈ ಮಾತೇ ಇಲ್ಲವಲ್ಲ?

ಗೋಣಿಕೊಪ್ಪದವಳು
ಉಬುಂಟುವಿನ ಜಿಸಿಸಿ ಆಪ್ಟಿಮೈಸೇಶನ್ ಇದ್ದಾಗ ಫೋರ್ಟಿಫೈಯನ್ನು ತಾನಾಗಿ ಹಾಕಿಕೊಳ್ಳುತ್ತದೆ. ಡೆಬಿಯನ್ ಮೂಲದ ಪೈ ಓಎಸ್‌ನ ಜಿಸಿಸಿ ಹಾಗೆ ಮಾಡುವುದಿಲ್ಲ, ನೀವೇ ಕೇಳಬೇಕು. ಹಾಗಾಗಿ ಯಾವ ಫ್ಲ್ಯಾಗನ್ನೂ ಕಂಪೈಲರಿನ ಕೃಪೆಗೆ ಬಿಡದೆ ಸಿಮೇಕ್ ಫೈಲಿನಲ್ಲಿ ಬರೆದಿಡಿ.

ಬೆಂಗಳೂರಿನಿಂದ_ವಿರಾಜಪೇಟೆ
ಇದನ್ನು ಕಂಪೈಲ್ ಹೊತ್ತಿಗೇ ಹಿಡಿಯಬಹುದಿತ್ತು. ಕಂಪೈಲರಿನ ಎಚ್ಚರಿಕೆಗಳನ್ನು ಕೇಳುವ -ವಾಲ್ ಹಾಕಿರಲಿಲ್ಲವೇ?

ಮಳೆಮಾಪಕ
ಇತ್ತು. ಏನೂ ಹೇಳಲಿಲ್ಲ.

ಹಳೆಯ_ಸಿ_ಕೈ
-ವಾಲ್ ಒಳಗೆ -ಡಬ್ಲ್ಯೂಫಾರ್ಮ್ಯಾಟ್-ಓವರ್‌ಫ್ಲೋ=1 ಮಾತ್ರ ಬರುತ್ತದೆ. ಬೆಲೆ ಗೊತ್ತಿಲ್ಲದ ಪೂರ್ಣಾಂಕವನ್ನು ಅದು 1 ಎಂದು ಎಣಿಸುತ್ತದೆ, 1.01 ಆರು ಬೈಟಿನಲ್ಲಿ ಆರಾಮಾಗಿ ಕೂರುತ್ತದೆ, ದೂರಿಲ್ಲ. 2 ಎಂದು ಕೊಟ್ಟರೆ ಅತಿ ಉದ್ದದ ಬೆಲೆ ಎಣಿಸಿ ಎಚ್ಚರಿಸುತ್ತದೆ. ಜಿಸಿಸಿ 7ರಿಂದ ಇದೆ. ಆದರೆ ಹಳೆಯ ಕೋಡಿಗೆ ಹಾಕಿದರೆ ಎಚ್ಚರಿಕೆಗಳ ಜಡಿಮಳೆ ಬರುತ್ತದೆ, ಛತ್ರಿ ಹಿಡಿದುಕೊಳ್ಳಿ. ವಿರಾಜಪೇಟೆಯವರು ಈ ಸಲ ಹೇಳಿದ್ದು ಸರಿ ಎಂದು ಒಪ್ಪುತ್ತೇನೆ.

ಬೆಂಗಳೂರಿನಿಂದ_ವಿರಾಜಪೇಟೆ
ಇದನ್ನು ಚೌಕಟ್ಟು ಹಾಕಿಸಿ ಇಡುತ್ತೇನೆ.

ಮಳೆಮಾಪಕ
ಕೊಟ್ಟ ಗಾತ್ರ ಮೀರದೆ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಮಾಡಿ, ಅರೇಯನ್ನು 12 ಬೈಟ್ ಮಾಡಿದ್ದೇನೆ. ಬರೀ ಎಸ್‌ಎನ್‌ಪ್ರಿಂಟ್‌ಎಫ್ ಮಾಡಿ ಆರಕ್ಕೇ ಬಿಟ್ಟಿದ್ದರೆ 100.05 ಹೋಗಿ 100.0 ಆಗುತ್ತಿತ್ತು, ಸೆಂಟ್ ನಷ್ಟವಾದರೆ ಇಲ್ಲಿನ ಮಾಲೀಕರು ಸುಮ್ಮನಿರುವವರಲ್ಲ. ಈಗ ಪೈಗೆ ಹೋಗುವ ಬಿಲ್ಡ್‌ನಲ್ಲಿ -ಒ2 -ಜಿ, ಫೋರ್ಟಿಫೈ 2. ಅದನ್ನು ಶಾಶ್ವತವಾಗಿ ಬಿಡಬಹುದೇ?

ಗೋಣಿಕೊಪ್ಪದವಳು
ಬಿಡಬಹುದು, ಅದು ಇರುವುದೇ ಅದಕ್ಕೆ. ಅಡ್ರೆಸ್ ಸ್ಯಾನಿಟೈಜರ್ ಮಾತ್ರ ತೋಟಕ್ಕೆ ಕಳುಹಿಸಬೇಡಿ, ಅದು ಪರೀಕ್ಷೆಯ ಸಾಧನ. ಅದರ ಜೊತೆಗೆ -ಎಫ್‌ಸ್ಯಾನಿಟೈಜ್=ಅನ್‌ಡಿಫೈನ್ಡ್ (ಭಾಷೆಯ ನಿಯಮ ಮೀರಿದ ಕ್ರಿಯೆಗಳನ್ನು ಹಿಡಿಯುವುದು) ಸೇರಿಸಬಹುದು, ಎರಡೂ ಹೊಂದುತ್ತವೆ. ಥ್ರೆಡ್ ಸ್ಯಾನಿಟೈಜರ್, ಮೆಮೊರಿ ಸ್ಯಾನಿಟೈಜರ್ ಬೇಕಾದರೆ ಒಂದೊಂದಕ್ಕೂ ಬೇರೆ ಬಿಲ್ಡ್. ಮೆಮೊರಿಯದು ಕ್ಲ್ಯಾಂಗ್‌ನಲ್ಲಿ ಮಾತ್ರ ಇದೆ, ಬಳಸುವ ಲೈಬ್ರರಿಗಳನ್ನೆಲ್ಲ ಅದೇ ಫ್ಲ್ಯಾಗಿನಲ್ಲಿ ಕಟ್ಟಬೇಕು. ನಿಮಗೆ ಸದ್ಯಕ್ಕೆ ಆ ತಲೆನೋವು ಬೇಡ.

ಸಿಮೇಕ್‌ನ ರಿಲೀಸ್ ಬಿಲ್ಡ್ ಎನ್‌ಡೀಬಗ್ ಹಾಕಿ ಅಸರ್ಟ್‌ಗಳನ್ನೆಲ್ಲ (ಕೋಡಿನೊಳಗೆ ಬರೆದಿಟ್ಟ ಪರೀಕ್ಷೆಗಳನ್ನು) ಮಾಯ ಮಾಡುತ್ತದೆ. ರೆಲ್‌ವಿತ್‌ಡೆಬ್‌ಇನ್ಫೋ ಬಿಲ್ಡ್ ಕೂಡ ಅದನ್ನೇ ಹಾಕುತ್ತದೆ. ನಿಮ್ಮ ಹಿಂದಿನವರು ಅಸರ್ಟ್ ಬರೆದಿದ್ದರೂ ಅವು ಪೈ ತಲುಪಿರಲಿಕ್ಕಿಲ್ಲ.

ಮಳೆಮಾಪಕ
ಈಗ ನೋಡಿದೆ. ಉದ್ದ ಆರಕ್ಕಿಂತ ಕಡಿಮೆ ಇರಲೇಬೇಕು ಎಂಬ ಅಸರ್ಟ್ ಎಸ್‌ಪ್ರಿಂಟ್‌ಎಫ್‌ನ ಕೆಳಗೇ ಇದೆ.

ಕಿತ್ತಳೆಸಿಪ್ಪೆ
ಬರೆದಾದ ಮೇಲೆ ಅಳೆಯುವುದು. ಅಬ್ಬಾ.

ಪೊನ್ನಂಪೇಟೆ_ವಿದ್ಯಾರ್ಥಿ
ವಿಷಯ ಬದಲಿಸುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಾಲೇಜಿನ ಪ್ರಾಜೆಕ್ಟ್ ಇಎಸ್‌ಪಿ32 ಚಿಪ್ ಮೇಲೆ, ಮಣ್ಣಿನ ತೇವ ಅಳೆಯುವುದು. ಅದೂ ಆಗಾಗ ರೀಸೆಟ್ ಆಗುತ್ತದೆ. ಅಲ್ಲಿಯೂ ಈ ಸ್ಯಾನಿಟೈಜರ್ ಹಾಕಬಹುದೇ?

ಹಳೆಯ_ಸಿ_ಕೈ
ಆ ಚಿಪ್‌ನ ಮೆಮೊರಿಯಲ್ಲಿ ಇದಕ್ಕೆ ಜಾಗವಿಲ್ಲ. ಬದಲಿಗೆ ಆ ಚಿಪ್‌ಗೆ ಕೋಡ್ ಕಟ್ಟುವ ಇಎಸ್‌ಪಿ-ಐಡಿಎಫ್‌ನ ಮೆನುಕಾನ್ಫಿಗ್ (ಆಯ್ಕೆಗಳ ಪಟ್ಟಿ) ತೆರೆದು ಹೀಪ್ ಮೆಮೊರಿ ಡೀಬಗಿಂಗ್ ವಿಭಾಗಕ್ಕೆ ಹೋಗು. ಮೂರು ಮಟ್ಟಗಳಿವೆ: ಬೇಸಿಕ್, ಲೈಟ್ ಇಂಪ್ಯಾಕ್ಟ್, ಕಾಂಪ್ರಹೆನ್ಸಿವ್. ಲೈಟ್‌ನಲ್ಲಿ ಪ್ರತಿ ತುಂಡಿನ ತಲೆ ಬಾಲಗಳಲ್ಲಿ ಗುರುತಿನ ಬೆಲೆ ಬರೆದಿಟ್ಟು, ಫ್ರೀ ಮಾಡುವಾಗ ಅದು ಹಾಗೆಯೇ ಇದೆಯೇ ಎಂದು ನೋಡುತ್ತದೆ. ಕಾಂಪ್ರಹೆನ್ಸಿವ್‌ನಲ್ಲಿ ಹೊಸ ಜಾಗಕ್ಕೆ 0ಎಕ್ಸ್‌ಸಿಇ, ಫ್ರೀ ಆದ ಜಾಗಕ್ಕೆ 0ಎಕ್ಸ್‌ಎಫ್‌ಇ ತುಂಬುತ್ತದೆ. ಪಾಯಿಂಟರಿನಲ್ಲಿ ಸಿಇಸಿಇಸಿಇ ಕಂಡರೆ ಆರಂಭಿಸದೇ ಬಳಸಿದ್ದೀಯ, ಎಫ್‌ಇಎಫ್‌ಇ ಕಂಡರೆ ಸತ್ತದ್ದನ್ನು ಮುಟ್ಟಿದ್ದೀಯ. ಜೊತೆಗೆ ಫ್ರೀಆರ್‌ಟಿಓಎಸ್‌ನ (ಆ ಚಿಪ್‌ನಲ್ಲಿ ಓಡುವ ಓಎಸ್) ಸ್ಟ್ಯಾಕ್ ಪರೀಕ್ಷೆಯನ್ನೂ ಕ್ಯಾನರಿಗೆ (ಸ್ಟ್ಯಾಕ್ ತುದಿಯಲ್ಲಿ ಗುರುತಿನ ಬೆಲೆ ಇಡುವುದು) ಇಡು. ಇಂಥ ರೀಸೆಟ್‌ಗೆ ಟಾಸ್ಕ್‌ನ ಸ್ಟ್ಯಾಕ್ ಸಾಲದಿರುವುದೂ ಕಾರಣವಾಗಿರಬಹುದು.

ಪೊನ್ನಂಪೇಟೆ_ವಿದ್ಯಾರ್ಥಿ
ನಾವು ಆರ್ಡುಯಿನೊ ಐಡಿಇ ಬಳಸುತ್ತಿದ್ದೇವೆ. ಮೆನುಕಾನ್ಫಿಗ್ ಎಲ್ಲಿದೆ?

ಗೋಣಿಕೊಪ್ಪದವಳು
ಅಲ್ಲಿ ಇಲ್ಲ. ಆರ್ಡುಯಿನೊಗೆ ಬರುವ ಲೈಬ್ರರಿಗಳು ಮೊದಲೇ ಕಂಪೈಲ್ ಆಗಿರುತ್ತವೆ. ಐಡಿಎಫ್ ಪ್ರಾಜೆಕ್ಟ್ ಮಾಡಿ, ಆರ್ಡುಯಿನೊವನ್ನು ಅದರೊಳಗೆ ಕಾಂಪೊನೆಂಟ್ ಆಗಿ ಸೇರಿಸಿಕೊಳ್ಳಬೇಕು. ಅದಕ್ಕೆ ಬೇರೆ ಎಳೆ ತೆರೆಯಿರಿ, ರೀಸೆಟ್ ಆದಾಗ ಸೀರಿಯಲ್‌ನಲ್ಲಿ ಬರುವ ಪೂರ್ತಿ ಪಠ್ಯವನ್ನು ಹಾಕಿ. ಫೋಟೋ ಬೇಡ, ಪಠ್ಯ.

ರೊಬಸ್ಟಾ
ಇವತ್ತಿನ ಸಂದೇಶದಲ್ಲಿ ಹೆಸರು ಸರಿಯಾಗಿ ಬಂದಿದೆ. ಆದರೆ ನಿನ್ನೆಯ ಮಳೆ ಎರಡು ಸಲ ಬಂದಿದೆ.

ಮಳೆಮಾಪಕ
ನೋಡುತ್ತೇನೆ ಸರ್.